ಹಾಫ್ ಮೂನ್ ಬೀಚಿಗೆ ಹೋಗುವ ಮುನ್ನ ತಿಥಿ ನೋಡಿ

ನಮ್ಮ ತುಮಕೂರಿನವರು ಗೋಕರ್ಣಕ್ಕೆ ಹೊರಡುವುದು ರಜೆ ನೋಡಿಕೊಂಡು. ಓಂ ಬೀಚಿನ ಆಚೆ, ಗುಡ್ಡದ ಮರೆಯಲ್ಲಿರುವ ಪುಟ್ಟ ಹಾಫ್ ಮೂನ್ ಬೀಚಿಗೆ ಹೋಗುವ ಮನಸ್ಸಿದ್ದರೆ ತಿಥಿಯನ್ನೂ ನೋಡಬೇಕು. ಉಬ್ಬರ ಏರಿದಾಗ ಅಲ್ಲಿ ಕೂರಲು ಉಳಿಯುವ ಮರಳು ಸ್ವಲ್ಪವೇ.

ಮೊದಲು ದಿನ ಆರಿಸಿ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಹೊತ್ತು ದಿನವೂ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗೆ ಏರಿಳಿತ ಜೋರು, ಅಷ್ಟಮಿಯ ಆಸುಪಾಸು ಮಂದ. ಈ ಕರಾವಳಿಯಲ್ಲಿ ಹುಣ್ಣಿಮೆಯ ದಿನ ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ಉಬ್ಬರ, ಸಂಜೆ ಐದರ ಸುಮಾರಿಗೆ ಇಳಿತ. ಜನ ಎಡವುವುದು ಇಲ್ಲೇ: ಇಳಿತಕ್ಕೆ ಕಾದು ಹೋದರೆ ವಾಪಸು ಗುಡ್ಡ ಹತ್ತುವಾಗ ಕತ್ತಲು. ಅದಕ್ಕಿಂತ ಏಕಾದಶಿ, ದ್ವಾದಶಿ ವಾಸಿ. ಇಳಿತ ಒಂದೂವರೆಯಿಂದ ಮೂರರೊಳಗೆ ಬೀಳುತ್ತದೆ. ಇದು ಅಂದಾಜು ಮಾತ್ರ. ಖಚಿತ ಹೊತ್ತಿಗೆ ಕಾರವಾರ ಬಂದರಿನ ಉಬ್ಬರವಿಳಿತದ ಪಟ್ಟಿ ನೋಡಿ. ಕೆಲವು ಪಟ್ಟಿಗಳು ಗ್ರೀನಿಚ್ ಸಮಯದಲ್ಲಿರುತ್ತವೆ. ಐದೂವರೆ ಗಂಟೆ ಕೂಡಿಸಲು ಮರೆತರೆ ಇಳಿತವೆಂದು ಹೋದವರಿಗೆ ಎದುರಾಗುವುದು ಹೆಚ್ಚುಕಡಿಮೆ ಉಬ್ಬರವೇ!

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಲೆಕ್ಕವೆಲ್ಲ ಬಿಡಿ, ಹೋಗಲೇಬೇಡಿ.

ನಮ್ಮ ಬಿ.ಎಚ್. (ಬೆಂಗಳೂರು–ಹೊನ್ನಾವರ) ರಸ್ತೆಯನ್ನೇ ಹಿಡಿದು ತಿಪಟೂರು, ಅರಸೀಕೆರೆ, ಶಿವಮೊಗ್ಗ, ಸಾಗರ ದಾಟಿದರೆ ಹೊನ್ನಾವರ. ಅಲ್ಲಿಂದ ಕುಮಟಾ ಮೇಲೆ ಗೋಕರ್ಣ. ಅಂದೇ ಬೀಚಿಗೆ ಓಡಬೇಡಿ, ಮರುದಿನಕ್ಕಿರಲಿ.

ಓಂ ಬೀಚಿನ ದಕ್ಷಿಣ ತುದಿಯಿಂದ ಕಾಲುದಾರಿ ಇದೆ, ಸುಮಾರು ಅರ್ಧ ಗಂಟೆ ನಡಿಗೆ. ಇಳಿತಕ್ಕೆ ಎರಡು ಗಂಟೆ ಮೊದಲು ಹೊರಡಿ, ಇಳಿತ ಕಳೆದು ಎರಡು ಗಂಟೆಯೊಳಗೆ ಮರಳು ಬಿಟ್ಟು ಗುಡ್ಡ ಹತ್ತಿ. ನೀರು ಒಂದೇ ಸಮ ಏರುವುದಿಲ್ಲ. ಆರು ಗಂಟೆಯ ಏರಿಕೆಯಲ್ಲಿ ಅರ್ಧದಷ್ಟು ಮೂರನೆಯ, ನಾಲ್ಕನೆಯ ಗಂಟೆಯಲ್ಲೇ ಬಂದುಬಿಡುತ್ತದೆ. ಹವಾಯಿ ಚಪ್ಪಲಿ ಬೇಡ. ಗುಡ್ಡದ ಜಂಬಿಟ್ಟಿಗೆ ಹರಳು ಜಾರುತ್ತದೆ, ನೀರಂಚಿನ ಬಂಡೆಗಳ ಮೇಲೆ ಪಾಚಿ, ಅಲ್ಲಿ ಅಂಟಿಕೊಂಡ ಚಿಪ್ಪುಗಳು ಪಾದ ಕೊಯ್ಯುತ್ತವೆ. ಹಿಂದೆ ಪಟ್ಟಿಯಿರುವ ಸ್ಯಾಂಡಲ್ ಹಾಕಿ, ತಲಾ ಎರಡು ಲೀಟರ್ ನೀರು ಹೊತ್ತೊಯ್ಯಿರಿ. ಓಂ ಬೀಚಿನಿಂದ ದೋಣಿಯೂ ಸಿಗುತ್ತದೆ, ಆದರೆ ವಾಪಸಿಗೆ ಅದನ್ನೇ ನೆಚ್ಚಬೇಡಿ. ಅಲೆ ಎದ್ದರೆ ಬರುವುದಿಲ್ಲ.

ಮರಳಿನ ಮೇಲೆ ಒಣ ಎಲೆ, ಕಡ್ಡಿ, ಪ್ಲಾಸ್ಟಿಕ್ ಸಾಲಾಗಿ ಬಿದ್ದಿರುವ ಗೆರೆ ಹುಡುಕಿ. ಹಿಂದಿನ ಉಬ್ಬರ ಮುಟ್ಟಿದ್ದು ಅಲ್ಲಿಯವರೆಗೆ. ಬ್ಯಾಗು ಅದಕ್ಕಿಂತ ಮೇಲೆ ಇಡಿ.

ಕೆರೆ, ಬಾವಿಯಲ್ಲಿ ಈಜು ಕಲಿತವರೇ ಇಲ್ಲಿ ಹೆಚ್ಚು ಮೋಸ ಹೋಗುವುದು. ಅಲೆಗಳ ನಡುವೆ ನೊರೆಯಿಲ್ಲದೆ ಶಾಂತವಾಗಿ ಕಾಣುವ ಪಟ್ಟಿಯಲ್ಲೇ ನೀರು ಸಮುದ್ರದೊಳಕ್ಕೆ ಎಳೆಯುತ್ತಿರಬಹುದು. ಸಿಕ್ಕಿಕೊಂಡರೆ ನೇರ ದಡಕ್ಕೆ ಈಜಬೇಡಿ, ಸುಸ್ತಾಗಿ ಮುಳುಗುತ್ತೀರಿ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ಸಡಿಲವಾದ ಮೇಲೆ ದಡಕ್ಕೆ ಬನ್ನಿ. ಈಜು ಬಾರದವರು ಮೊಣಕಾಲುದ್ದ ನೀರಿನಲ್ಲೇ ನಿಲ್ಲಲಿ. ತುರ್ತಿಗೆ 112 ಇದೆ, ಆದರೆ ಗುಡ್ಡದ ಮರೆಯಲ್ಲಿ ಸಿಗ್ನಲ್ ಸಿಗದಿರಬಹುದು. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಲಾಡ್ಜಿನಲ್ಲಿ ಹೇಳಿ ಹೊರಡಿ.