ಗುತ್ತಿಗೆದಾರರನ್ನು ಕರೆಯುವ ಮೊದಲು ಅಡುಗೆಮನೆಯ ಲೆಕ್ಕ

ಹುಬ್ಬಳ್ಳಿಯಲ್ಲಾಗಲಿ ಧಾರವಾಡದಲ್ಲಾಗಲಿ ಮಾಡ್ಯುಲರ್ ಅಡುಗೆಮನೆಯ ಖರ್ಚು ವಿಚಾರಿಸಿದರೆ ಮೊದಲು ಸಿಗುವ ಉತ್ತರ ‘ಚದರಡಿಗೆ ಇಷ್ಟು’ ಎಂಬುದು. ಆ ಒಂದು ಸಂಖ್ಯೆಯಿಂದ ಏನೂ ತಿಳಿಯುವುದಿಲ್ಲ. ಒಬ್ಬರು ಕಪಾಟಿನ ಮುಂಭಾಗವನ್ನು ಅಳೆದು ದರ ಹೇಳುತ್ತಾರೆ, ಇನ್ನೊಬ್ಬರು ಕಟ್ಟೆಯ ಉದ್ದ ಹಿಡಿದು ರನ್ನಿಂಗ್ ಅಡಿಯ ಲೆಕ್ಕ ಕೊಡುತ್ತಾರೆ, ಮತ್ತೊಬ್ಬರು ಸಾಮಾನು ನಿಮ್ಮದು, ಕೂಲಿಯಷ್ಟೇ ನಮ್ಮದು ಎನ್ನುತ್ತಾರೆ. ಆದ್ದರಿಂದ ದರ ಕೇಳುವ ಮೊದಲೇ ಅಳತೆಯೂ ಸಾಮಗ್ರಿಯ ಪಟ್ಟಿಯೂ ಮನೆಯವರ ಕೈಯಲ್ಲಿ ಸಿದ್ಧವಿರಬೇಕು.

ಮೊದಲ ಕೆಲಸ ಅಳತೆ

ಒಂದು ಗೋಡೆ 10 ಅಡಿ, ಪಕ್ಕದ ಗೋಡೆ 8 ಅಡಿ ಇರುವ ‘ಎಲ್’ ಆಕಾರದ ಅಡುಗೆಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಕಟ್ಟೆಯ ಅಗಲ 2 ಅಡಿ ಎಂದಾದರೆ ಮೂಲೆಯನ್ನು ಒಮ್ಮೆ ಮಾತ್ರ ಎಣಿಸಬೇಕು; ಆಗ ಉದ್ದ 16 ಅಡಿ, ಗ್ರಾನೈಟ್ 32 ಚದರಡಿ ಆಗುತ್ತದೆ. ಮೂಲೆಯನ್ನು ಎರಡೂ ಕಡೆ ಹಿಡಿದರೆ ಅದೇ ಕಟ್ಟೆ 36 ಚದರಡಿ ಆಗಿಬಿಡುತ್ತದೆ. ಅಂಚಿನ ಪಾಲಿಶ್‌ಗೆ ಪ್ರತ್ಯೇಕ ದರವಿದ್ದು, ಈ ಕಟ್ಟೆಯ ಮುಂದಿನ ಅಂಚು 8 ಮತ್ತು 6 ಸೇರಿ 14 ಅಡಿ ಬರುತ್ತದೆ. ಕೆಳಗಿನ ಕಪಾಟುಗಳು ಎರಡೂವರೆ ಅಡಿ ಎತ್ತರದಲ್ಲಿ 40 ಚದರಡಿ, 10 ಅಡಿಯ ಗೋಡೆಗೆ ಮಾತ್ರ 2 ಅಡಿ ಎತ್ತರದ ಮೇಲಿನ ಕಪಾಟುಗಳು 20 ಚದರಡಿ, ಒಟ್ಟು 60. ದರದಲ್ಲಿ ನೂರು ರೂಪಾಯಿ ಹೆಚ್ಚಾದರೆ ಆರು ಸಾವಿರ ಹೆಚ್ಚಾಯಿತು ಎಂಬುದು ಈಗ ನಿಮಗೇ ತಿಳಿಯುತ್ತದೆ.

ಕಟ್ಟೆಯ ಎತ್ತರವನ್ನು ಸಾಮಾನ್ಯವಾಗಿ 32ರಿಂದ 34 ಇಂಚು ಇಡುತ್ತಾರೆ. ಆದರೆ ದಿನವೂ ನಿಂತು ಜೋಳದ ರೊಟ್ಟಿ ಬಡಿಯುವ ಮನೆಗಳಲ್ಲಿ ಈ ಎತ್ತರವನ್ನು ನಿರ್ಧರಿಸಬೇಕಾದವರು ಬಡಗಿಯಲ್ಲ, ರೊಟ್ಟಿ ಬಡಿಯುವವರು. ತೋಳಿಗೆ ಭಾರವಾಗದಂತೆ ಕಟ್ಟೆಯ ಒಂದು ಭಾಗವನ್ನು ಮೂರು ನಾಲ್ಕು ಇಂಚು ತಗ್ಗಿಸಬೇಕೆಂದಾದರೆ ಅದು ಆರಂಭದಲ್ಲೇ ನಕ್ಷೆಗೆ ಸೇರಬೇಕು, ಏಕೆಂದರೆ ಕಲ್ಲನ್ನು ಎರಡು ತುಂಡಾಗಿ ಕೂರಿಸಬೇಕಾಗುತ್ತದೆ.

ಕಪಾಟಿನ ಹಿಂದೆ ಅಡಗುವ ಖರ್ಚು

ಬಜೆಟ್ ತಪ್ಪುವುದು ಹೆಚ್ಚಾಗಿ ಇಲ್ಲಿಯೇ. ಹಳೆಯ ಟೈಲ್ಸ್ ಒಡೆಯುವುದು, ಅವಶೇಷ ಸಾಗಿಸುವುದು, ಸೊಟ್ಟಗಿರುವ ಗೋಡೆಗೆ ಗೌಂಡಿಯಿಂದ ಮತ್ತೆ ಗಿಲಾವು ಮಾಡಿಸುವುದು ಇವು ಕಪಾಟಿನ ದರದಲ್ಲಿ ಸೇರಿರುವುದಿಲ್ಲ. ಧಾರವಾಡದ ಹಳೆಯ ಮನೆಗಳ ದಪ್ಪ ಕಲ್ಲಿನ ಗೋಡೆಯಲ್ಲಿ ಚಿಮಣಿಯ ಆರು ಇಂಚಿನ ಕೊಳವೆಗೆ ರಂಧ್ರ ಕೊರೆಸುವುದೇ ಒಂದು ಪ್ರತ್ಯೇಕ ಕೆಲಸ. ಓವನ್ ಇದ್ದರೆ 16 ಆಂಪಿಯರ್ ಪಾಯಿಂಟ್, ಅದಕ್ಕೆ ತಕ್ಕ ದಪ್ಪದ ತಂತಿ ಮತ್ತು ಪ್ರತ್ಯೇಕ ಎಂಸಿಬಿ (ಹೊರೆ ಹೆಚ್ಚಾದರೆ ತಾನೇ ವಿದ್ಯುತ್ ಕಡಿಯುವ ಸ್ವಿಚ್) ಬೇಕು. ಅವಳಿ ನಗರದ ಕೆಲವು ಪ್ರದೇಶಗಳಿಗೆ 2008ರಿಂದಲೇ ದಿನವಿಡೀ ಮಲಪ್ರಭೆಯ ನೀರು ಬರುತ್ತಿದೆ. ಆದರೆ ನಿಮ್ಮ ಓಣಿಗೆ ನೀರು ಕೆಲವು ದಿನಗಳಿಗೊಮ್ಮೆ ಬರುವುದಾದರೆ ಕುಡಿಯುವ ನೀರು ತುಂಬಿಡುವ ಜಾಗವನ್ನೂ ಅಲ್ಲಿಗೊಂದು ನಲ್ಲಿಯನ್ನೂ ನಕ್ಷೆಯಲ್ಲಿ ಬಿಡಬೇಕು. ಸುಂದರವಾದ ನಕ್ಷೆಗಳಲ್ಲಿ ಈ ಜಾಗ ಇರುವುದೇ ಇಲ್ಲ.

ಎಲ್ಲಿ ಖರ್ಚು, ಎಲ್ಲಿ ಉಳಿತಾಯ

ಹಣ ಹಾಕಬೇಕಾದದ್ದು ಪೆಟ್ಟಿಗೆಗೆ, ಅಂದರೆ ಬಾಗಿಲಿನ ಹಿಂದಿರುವ ಕಪಾಟಿನ ಒಡಲಿಗೆ; ಹೊಳಪಿಗೆ ಅಲ್ಲ. ‘ಪ್ಲೈವುಡ್’ ಎಂದಷ್ಟೇ ಬರೆದ ದರಪಟ್ಟಿಯನ್ನು ಒಪ್ಪಿಕೊಳ್ಳಬೇಡಿ. ಐಎಸ್ 303 ಎಂಬ ಭಾರತೀಯ ಮಾನಕದಲ್ಲಿ ಎಂಆರ್ (ತೇವ ತಾಳುವ), ಬಿಡಬ್ಲ್ಯುಆರ್ (ಕುದಿನೀರು ತಾಳುವ) ಎಂಬ ಎರಡು ದರ್ಜೆಗಳಿವೆ. ಎಂಆರ್ ಅಡುಗೆಮನೆಗೆ ಹೊಂದುವುದಿಲ್ಲ. ಸಿಂಕಿನ ಕೆಳಗೆ ಐಎಸ್ 710 ಗುರುತಿನ ಮರೀನ್ ಪ್ಲೈ ಹಾಕಿಸುವುದು ಉತ್ತಮ. ಮರದ ಚೂರುಗಳನ್ನು ಅಂಟಿನಿಂದ ಒತ್ತಿ ಮಾಡುವ ಪಾರ್ಟಿಕಲ್ ಬೋರ್ಡ್ ಅಗ್ಗವೇನೋ ಹೌದು, ಆದರೆ ಅಂಚಿನಿಂದ ನೀರು ಇಳಿದರೆ ಉಬ್ಬುತ್ತದೆ. ನೆಲಕ್ಕೆ ನೀರು ಸುರಿದು ತೊಳೆಯುವ ನಮ್ಮ ಮನೆಗಳಲ್ಲಿ ಅದು ಉಳಿಯುವುದು ಕಷ್ಟ. ಪ್ಲೈ ಬಳಸಿದರೂ ಪೆಟ್ಟಿಗೆಯನ್ನು ನೆಲಕ್ಕೆ ತಾಗಿಸದೆ ಪಿವಿಸಿ ಕಾಲುಗಳ ಮೇಲೆ ನಿಲ್ಲಿಸಬೇಕು. ಹಿಟ್ಟಿನ ಡಬ್ಬಿ, ಕಾಳುಗಳ ಡಬ್ಬಿ ಇಡುವ ಡ್ರಾಯರ್‌ಗೆ ಹಗುರ ಚಾನೆಲ್ (ಡ್ರಾಯರ್ ಜಾರುವ ಲೋಹದ ಪಟ್ಟಿ) ಹಾಕಿಸಿದರೆ ಅದು ಬೇಗನೆ ಜೋತುಬೀಳುತ್ತದೆ, ಆದ್ದರಿಂದ ಚಾನೆಲ್ ಎಷ್ಟು ಕಿಲೋ ಹೊರುತ್ತದೆ ಎಂದು ಕೇಳಿ ಬರೆಸಿಕೊಳ್ಳಬೇಕು. ಬಾಗಿಲುಗಳಿಗಾದರೆ ದುಬಾರಿ ಹೊಳಪಿನ ಅಕ್ರಿಲಿಕ್ ಬೇಡ, ಒಂದು ಮಿಲಿಮೀಟರ್ ಲ್ಯಾಮಿನೇಟ್ ಸಾಕು ಎಂಬುದು ನನ್ನ ಅಭಿಪ್ರಾಯ.

ಕೈ ತೀರಾ ಬಿಗಿಯಾಗಿದ್ದರೆ ಕೆಳಭಾಗಕ್ಕೆ ಕಡಪ ಕಲ್ಲಿನ ಅಡ್ಡಹಲಗೆಗಳನ್ನು ನಿಲ್ಲಿಸಿ ಮುಂದೆ ಬಾಗಿಲುಗಳನ್ನಷ್ಟೇ ಕೂರಿಸಬಹುದು. ಕಲ್ಲಿಗೆ ಗೆದ್ದಲಿನ ಭಯವಿಲ್ಲ, ಪ್ಲೈವುಡ್‌ನ ಖರ್ಚೂ ಬಹಳ ಇಳಿಯುತ್ತದೆ.

ದರಪಟ್ಟಿ ಮತ್ತು ಹಣ ಪಾವತಿ

ಒಂದೇ ಅಳತೆ, ಒಂದೇ ಪಟ್ಟಿಯನ್ನು ಮೂವರಿಗೆ ಕೊಟ್ಟು ಪೆಟ್ಟಿಗೆ, ಬಾಗಿಲು, ಹಾರ್ಡ್‌ವೇರ್, ಗ್ರಾನೈಟ್, ನಲ್ಲಿ ಕೆಲಸ, ವಿದ್ಯುತ್ ಕೆಲಸ, ಸಾಗಣೆ ಇವುಗಳನ್ನು ಬೇರೆ ಬೇರೆ ಸಾಲಿನಲ್ಲಿ ಬರೆದುಕೊಡಲು ಕೇಳಬೇಕು. ಜಿಎಸ್‌ಟಿ ಸೇರಿದೆಯೋ ಇಲ್ಲವೋ ಎಂಬುದನ್ನು ಬಿಡಿಸಿ ಕೇಳಿ. ಶೇ 18ರಂತೆ ಎರಡು ಲಕ್ಷಕ್ಕೆ 36,000 ರೂಪಾಯಿ ಆಗುತ್ತದೆ. ಇದರ ಮೇಲೆ ಹೊಸ ಮನೆಯಾದರೆ ಶೇ 10, ಹಳೆಯ ಮನೆಯಾದರೆ ಶೇ 15ರಷ್ಟು ಹಣವನ್ನು ಯಾರಿಗೂ ಹೇಳದೆ ಪಕ್ಕಕ್ಕಿಡಿ.

ಮುಂಗಡ ಮೂರನೇ ಒಂದು ಪಾಲನ್ನು ಮೀರದಿರಲಿ. ಎರಡನೆಯ ಕಂತನ್ನು ಪ್ಲೈವುಡ್ ಮನೆಗೆ ಬಂದು, ಹಾಳೆಯ ಮೇಲಿನ ಐಎಸ್ ಗುರುತನ್ನು ನೀವೇ ಓದಿದ ನಂತರ ಕೊಡಿ. ಕೊನೆಯ ಶೇ 10ರಷ್ಟನ್ನು ಡ್ರಾಯರ್‌ಗಳಿಗೆ ತುಂಬಿದ ಡಬ್ಬಿಗಳನ್ನು ಇಟ್ಟು ಎಳೆದು ನೋಡುವವರೆಗೆ, ಮತ್ತು ಸಿಂಕನ್ನು ತುಂಬಿಸಿ ಒಮ್ಮೆಲೇ ನೀರು ಬಿಟ್ಟು ಕೆಳಗಿನ ಪೆಟ್ಟಿಗೆ ಒಣಗಿಯೇ ಇದೆಯೆಂದು ಕೈಯಿಟ್ಟು ಪರೀಕ್ಷಿಸುವವರೆಗೆ ಹಿಡಿದಿಟ್ಟುಕೊಳ್ಳುವುದಾಗಿ ಒಪ್ಪಂದದಲ್ಲೇ ಬರೆಸಬೇಕು.