ಸಾಲಿಡ್‌ವರ್ಕ್ಸಾ, ಬ್ಲೆಂಡರಾ? ಎರಡರಲ್ಲೂ ಕೆಲಸ ಮಾಡಿ ನಾನು ಆರಿಸಿಕೊಂಡಿದ್ದು

ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಪೀಣ್ಯದ ಒಂದು ಟೂಲ್‌ರೂಮ್‌ನಲ್ಲಿ, ಅಂದರೆ ಡೈ, ಅಚ್ಚು ತಯಾರಿಸುವ ಕಡೆ, ಡಿಸೈನ್ ಕೆಲಸಕ್ಕೆ ಸೇರಿದೆ. ಹಗಲೆಲ್ಲ ಯಂತ್ರದ ಭಾಗಗಳನ್ನು ಕಂಪ್ಯೂಟರ್‌ನಲ್ಲಿ ಡಿಸೈನ್ ಮಾಡುವ ಸಾಲಿಡ್‌ವರ್ಕ್ಸ್, ರಾತ್ರಿ ಮನೆಯಲ್ಲಿ ಆನಿಮೇಷನ್‌ಗೆ ಬಳಸುವ ಬ್ಲೆಂಡರ್. ಬ್ಲೆಂಡರ್ 2002ರಿಂದ ಮುಕ್ತ ತಂತ್ರಾಂಶ, ದುಡ್ಡು ಕೊಡಬೇಕಿಲ್ಲ. ಆನಿಮೇಷನ್ ಕಡೆಗೇ ಹೋಗಿಬಿಡೋಣ ಅನ್ನುವ ಆಸೆ ಆಗ ಬಲವಾಗಿತ್ತು. ಎರಡೂ ತ್ರೀಡಿ ತಾನೇ, ಒಂದು ಬಂದರೆ ಇನ್ನೊಂದೂ ಬಂದಂತೆ ಅಂತ ತುಂಬಾ ಜನ ಹೇಳುತ್ತಾರೆ. ಒಳಗಿನ ಲೆಕ್ಕ ಬೇರೆಯೇ.

6204 ಅನ್ನುವ ಸೈಜಿನ ಬೇರಿಂಗ್ ತಗೊಳ್ಳಿ. ಹೊರಗಿನ ವ್ಯಾಸ 47 ಮಿ.ಮೀ. ಅದು ಕೂರಲು ಒಂದು ತೂತು ಬೇಕು. ಬ್ಲೆಂಡರ್‌ನಲ್ಲಿ ಸರ್ಕಲ್ ಹಾಕಿದರೆ ನಿಮಗೆ ಸಿಗುವುದು 32 ಮೂಲೆಗಳ ಆಕೃತಿ. ಶೇಡಿಂಗ್ ಕೊಟ್ಟರೆ ಕಣ್ಣಿಗೆ ದುಂಡಗೆ ಕಾಣುತ್ತದೆ. ಆದರೆ ಮೂಲೆಯಿಂದ ಮೂಲೆಗೆ 47 ಇದ್ದರೆ, ಎದುರುಬದುರಿನ ಚಪ್ಪಟೆ ಬದಿಗಳ ನಡುವೆ 46.77 ಮಾತ್ರ. ಇಂಥ ತೂತಿಗೆ ಎಚ್7 ಅನ್ನುವ ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವ ಹೆಚ್ಚುಕಡಿಮೆ) ಕೊಟ್ಟರೆ ತೂತು 47ಕ್ಕಿಂತ ಚಿಕ್ಕದಾಗುವಂತಿಲ್ಲ, ದೊಡ್ಡದಾದರೂ 25 ಮೈಕ್ರಾನ್ (0.025 ಮಿ.ಮೀ.) ಒಳಗೇ ಇರಬೇಕು. ಮೂಲೆಗಳನ್ನು ಹೆಚ್ಚಿಸಬಹುದು, ಆದರೂ ಅವು ನೇರ ಗೆರೆಗಳೇ. ಸಾಲಿಡ್‌ವರ್ಕ್ಸ್‌ನ ವೃತ್ತಕ್ಕೆ ಕೇಂದ್ರ, ತ್ರಿಜ್ಯ ಇರುತ್ತವೆ, ಮೂಲೆ ಇರುವುದಿಲ್ಲ. ಅಳತೆ ಪೂರ್ತಿ ಆಗುವವರೆಗೆ ಸ್ಕೆಚ್‌ನ ಗೆರೆ ನೀಲಿ. ಎಲ್ಲವೂ ನಿಗದಿಯಾದ ಮೇಲೆ ಕಪ್ಪಾಗುತ್ತದೆ. ಆ ಕಪ್ಪು ಗೆರೆ ನೋಡಿದಾಗ ಸಿಗುವ ಸಮಾಧಾನ ನನಗೆ ಇವತ್ತಿಗೂ ಇಷ್ಟ. ನಾಳೆ ಗಿರಾಕಿ ಇನ್ನೂ ದೊಡ್ಡ 6205 ಬೇರಿಂಗ್ ಹಾಕಿ ಅಂದರೆ ತೂತಿನ ವ್ಯಾಸಕ್ಕೆ 47 ತೆಗೆದು 52 ಬರೆದರಾಯಿತು. ಮಾಡೆಲ್ ಸರಿಯಾಗಿ ಕಟ್ಟಿದ್ದರೆ ಡ್ರಾಯಿಂಗೂ ತಾನಾಗಿ ಬದಲಾಗುತ್ತದೆ.

ಕೈಯಲ್ಲಿ ಹಿಡಿಯುವ ವಸ್ತು ಬಂದಾಗ ಬ್ಲೆಂಡರ್‌ನ ಬೆಲೆ ಗೊತ್ತಾಗುತ್ತದೆ. ಕುಕ್ಕರ್‌ನ ಬೇಕಲೈಟ್ ಹಿಡಿಯನ್ನೇ ನೋಡಿ. ಅಂಗೈಗೆ ಉಬ್ಬು ಬೇಕು, ಹೆಬ್ಬೆರಳಿಗೆ ಜಾಗ ಬೇಕು. ಸಾಲಿಡ್‌ವರ್ಕ್ಸ್‌ನಲ್ಲಿ ಒಂದು ಗೈಡ್ ಕರ್ವ್ (ಆಕಾರಕ್ಕೆ ದಾರಿ ತೋರುವ ಗೆರೆ) ಜರುಗಿಸಿದರೆ ಅದನ್ನು ನಂಬಿದ್ದ ಲಾಫ್ಟ್ (ಅಡ್ಡಕೊಯ್ತಗಳನ್ನು ಜೋಡಿಸಿ ಮಾಡಿದ ಮೈ), ಫಿಲೆಟ್ (ದುಂಡು ಮಾಡಿದ ಅಂಚು) ಎಲ್ಲ ಕೆಂಪಾಗಿ ದೋಷ ತೋರಿಸಬಹುದು. ಬ್ಲೆಂಡರ್‌ನಲ್ಲಿ ಒಂದು ಬಾಕ್ಸ್ ಇಟ್ಟು, ಸಬ್‌ಡಿವಿಷನ್ ಕೊಟ್ಟು (ಮೈಯನ್ನು ಸಣ್ಣ ತುಂಡುಗಳಾಗಿ ಒಡೆದು ನುಣುಪಾಗಿಸಿ), ರೊಟ್ಟಿ ಹಿಟ್ಟಿನ ಹಾಗೆ ಒತ್ತುತ್ತಾ ಎಳೆಯುತ್ತಾ ಹೋಗಬಹುದು. ಒಂದೇ ಸಂಜೆಗೆ ಹಲವು ಆಕಾರ ಸಿಗುತ್ತವೆ. ನಾನು ಅವುಗಳನ್ನು ತ್ರೀಡಿ ಪ್ರಿಂಟ್ ಮಾಡಿ ಕೈಯಲ್ಲಿ ಹಿಡಿದು ನೋಡಿ ಒಂದನ್ನು ಆರಿಸುತ್ತೇನೆ.

ಆರಿಸಿದ್ದನ್ನು ಹಾಗೇ ಡೈ ಮಾಡುವವರಿಗೆ ಕಳಿಸಿದರೆ ಆಗುವುದಿಲ್ಲ. ಪ್ರಿಂಟ್‌ಗೆ ಬಳಸುವ ಎಸ್‌ಟಿಎಲ್ ಫೈಲ್ ಅಂದರೆ ಬರೀ ತ್ರಿಕೋನಗಳು. ಅವರಿಗೆ ನಿಜವಾದ ವೃತ್ತ, ಬಾಗಿದ ಮೈಗಳನ್ನೇ ಹಿಡಿದಿಡುವ ಸ್ಟೆಪ್ ಫೈಲ್ ಬೇಕು. ಹಾಗಾಗಿ ಆ ತ್ರಿಕೋನಗಳ ಮೆಶ್ ಅನ್ನು ಕೆಳಗಿಟ್ಟುಕೊಂಡು ಸಾಲಿಡ್‌ವರ್ಕ್ಸ್‌ನಲ್ಲಿ ಸರ್ಫೇಸ್‌ಗಳನ್ನು ಮತ್ತೆ ಕಟ್ಟುತ್ತೇನೆ. ಡೈ ಎಲ್ಲಿ ಬಾಯಿ ಬಿಡುತ್ತದೆ? ಪೀಸ್ ಸಲೀಸಾಗಿ ಹೊರಬರಲು ಡ್ರಾಫ್ಟ್, ಅಂದರೆ ಗೋಡೆಯ ಓರೆ, ಎಷ್ಟು ಬೇಕು? ಸ್ಕ್ರೂ ಕೂರುವ ಕಡೆ ಗೋಡೆ ತೀರಾ ದಪ್ಪ ಆಯ್ತಾ?

ನನ್ನನ್ನು ಟೂಲ್‌ರೂಮ್‌ನಲ್ಲೇ ಉಳಿಸಿದ್ದು ಈ ಪ್ರಶ್ನೆಗಳು. ನನ್ನ ಜೊತೆಗಿದ್ದ ಗೆಳೆಯನಿಗೆ ಇವು ಬರೀ ಅಡ್ಡಿ ಅನ್ನಿಸುತ್ತಿದ್ದವು. ಅವನ ಮನಸ್ಸೆಲ್ಲ ಆಕಾರ, ಬೆಳಕು, ಬಣ್ಣದ ಮೇಲೆ. ಅವನು ಗೇಮ್ ಮಾಡೆಲಿಂಗ್‌ಗೆ ಹೋದ, ಅವನಿಗೆ ಅದೇ ಸರಿ. ಇಬ್ಬರಿಗೂ ಎರಡೂ ಸಾಫ್ಟ್‌ವೇರ್ ಬರುತ್ತಿತ್ತು ಅನ್ನೋದನ್ನ ಗಮನಿಸಿ.

ಎರಡೂ ಬೇಕು ಅನ್ನುವವರಿಗೆ ಪ್ರಾಡಕ್ಟ್ ಡಿಸೈನ್ ಇದೆ. ಪಿಯುಸಿ ಆದವರು ಬಿ.ಡೆಸ್‌ಗೆ (ಡಿಸೈನ್ ಪದವಿ) ಯುಸೀಡ್, ಡಿಗ್ರಿ ಆದವರು ಎಂ.ಡೆಸ್‌ಗೆ (ಸ್ನಾತಕೋತ್ತರ ಪದವಿ) ಸೀಡ್ ಪ್ರವೇಶ ಪರೀಕ್ಷೆ ಬರೆಯಬಹುದು. ಎರಡನ್ನೂ ನಡೆಸುವುದು ಐಐಟಿ ಬಾಂಬೆ. ಬೆಂಗಳೂರಿನ ಐಐಎಸ್‌ಸಿಯಲ್ಲೂ ಎಂ.ಡೆಸ್ ಇದೆ. ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಎನ್ಐಡಿಗೆ ಅದರದೇ ಪರೀಕ್ಷೆ. ಟೂಲ್ ಅಂಡ್ ಡೈ ಕಡೆ ಒಲವಿದ್ದರೆ ಸರ್ಕಾರಿ ತರಬೇತಿ ಕೇಂದ್ರ ಜಿಟಿಟಿಸಿಯ ಡಿಪ್ಲೊಮಾ ನೋಡಿ.

ಫೀಸ್ ಕಟ್ಟುವ ಮೊದಲು ಒಂದು ಕೆಲಸ ಮಾಡಿ. ಮನೆಯಲ್ಲಿರುವ ಒಂದು ವಸ್ತುವನ್ನು ವರ್ನಿಯರ್‌ನಿಂದ ಅಳೆದು ಬ್ಲೆಂಡರ್‌ನಲ್ಲೂ ಫ್ರೀಕ್ಯಾಡ್‌ನಲ್ಲೂ ಮಾಡಿ. ಫ್ರೀಕ್ಯಾಡ್ ಸಾಲಿಡ್‌ವರ್ಕ್ಸ್ ಥರದ್ದೇ, ಆದರೆ ಪುಕ್ಕಟೆ. ಆಮೇಲೆ ಅದರ ಡ್ರಾಯಿಂಗ್ ತೆಗೆದು ಹತ್ತಿರದ ಲೇತ್ ಅಂಗಡಿಗೆ ಹೋಗಿ ತೋರಿಸಿ. ಮೆಟೀರಿಯಲ್ ಯಾವುದು, ಟಾಲರೆನ್ಸ್ ಎಷ್ಟು, ಒಳಮೂಲೆಗೆ ರೇಡಿಯಸ್ ಯಾಕೆ ಕೊಟ್ಟಿಲ್ಲ ಅಂತ ಅವರು ಕೇಳುತ್ತಾರೆ. ಉತ್ತರ ಹುಡುಕಿಕೊಂಡು ಮತ್ತೆ ಅಲ್ಲಿಗೆ ಹೋಗಬೇಕು ಅನ್ನಿಸುತ್ತಾ, ಇಲ್ವಾ ನೋಡಿಕೊಳ್ಳಿ.