ಮೂರು ಲ್ಯಾಬ್‌ಗಳ ಆ ಸೆಮಿಸ್ಟರ್

ಮೈಸೂರಿನಲ್ಲಿ ಮೊದಲ ಪಿಯುಸಿ ಮುಗಿಸಿ ಅಪ್ಪ ಅಮ್ಮನೊಂದಿಗೆ ಅಮೆರಿಕಕ್ಕೆ ಬಂದಾಗ, ಇಲ್ಲಿ ವೈದ್ಯರಾಗುವ ದಾರಿಯೇ ಬೇರೆ ಎಂಬುದು ನಮ್ಮ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಅಲ್ಲಿ ನೀಟ್ ಬರೆದು ನೇರವಾಗಿ ಎಂಬಿಬಿಎಸ್. ಇಲ್ಲಿ ಸಾಮಾನ್ಯವಾಗಿ ಮೊದಲು ನಾಲ್ಕು ವರ್ಷದ ಪದವಿ, ಆಮೇಲೆ ನಾಲ್ಕು ವರ್ಷದ ಮೆಡಿಕಲ್ ಸ್ಕೂಲ್. ಪದವಿಯಲ್ಲಿ ಇತಿಹಾಸವನ್ನೇ ಮುಖ್ಯ ವಿಷಯವಾಗಿ ಓದಿದರೂ ಅಡ್ಡಿಯಿಲ್ಲ. ಆದರೆ ಬಹುತೇಕ ಮೆಡಿಕಲ್ ಸ್ಕೂಲ್‌ಗಳು ಜೀವಶಾಸ್ತ್ರ, ಸಾಮಾನ್ಯ ರಸಾಯನಶಾಸ್ತ್ರ, ಸಾವಯವ ರಸಾಯನಶಾಸ್ತ್ರ, ಭೌತಶಾಸ್ತ್ರಗಳನ್ನು ತಲಾ ಒಂದು ವರ್ಷ ಲ್ಯಾಬ್ ಸಹಿತ ಓದಿರಬೇಕೆಂದು ಬಯಸುತ್ತವೆ. ಅನೇಕ ಕಡೆ ಜೀವರಸಾಯನಶಾಸ್ತ್ರವೂ ಬೇಕು.

ಇವನ್ನೆಲ್ಲ ಎಷ್ಟು ಬೇಗ ಮುಗಿಸಿದರೆ ಅಷ್ಟು ಒಳ್ಳೆಯದೆಂದು ನಾನು ನಂಬಿದ್ದೆ. ಊರಿನಿಂದ ದೊಡ್ಡಪ್ಪ ಫೋನ್ ಮಾಡಿದಾಗಲೆಲ್ಲ “ಇನ್ನೂ ಮೆಡಿಕಲ್ ಸೇರಲಿಲ್ಲವೇನಮ್ಮ? ನಿನ್ನ ಜೊತೆಯವರೆಲ್ಲ ಎರಡನೇ ವರ್ಷಕ್ಕೆ ಬಂದರು” ಎನ್ನುತ್ತಿದ್ದರು. ಆ ಅವಸರದಲ್ಲಿ ಎರಡನೇ ವರ್ಷದ ಮೊದಲ ಸೆಮಿಸ್ಟರ್‌ಗೆ ಸಾವಯವ, ಭೌತಶಾಸ್ತ್ರ, ಜೀವಕೋಶಶಾಸ್ತ್ರ ಮೂರನ್ನೂ ಹಾಕಿಕೊಂಡೆ.

ಕಾಗದದ ಮೇಲೆ ಅದು ಹೊರೆಯೆಂದು ಕಾಣುವುದೇ ಇಲ್ಲ. ನಮ್ಮ ಕಾಲೇಜಿನಲ್ಲಿ ಲ್ಯಾಬ್‌ಗೆ ಒಂದೇ ಕ್ರೆಡಿಟ್. ಆದರೆ ಅಲ್ಲಿ ವಾರಕ್ಕೆ ಮೂರು ಗಂಟೆ ನಿಲ್ಲಬೇಕು, ಮೊದಲೇ ಓದಿಕೊಂಡು ಹೋಗಬೇಕು, ಆಮೇಲೆ ವರದಿ ಬರೆಯಬೇಕು. ಮೂರು ಲ್ಯಾಬ್ ಎಂದರೆ ವಾರಕ್ಕೆ ಮೂರು ವರದಿ. ನಾನು ವರದಿಗಳನ್ನು ಬರೆಯುತ್ತಾ ಕುಳಿತೆ, ಸಾವಯವ ಕೈತಪ್ಪಿತು. ಪಿಯುಸಿಯಲ್ಲಿ ಕ್ರಿಯೆಗಳನ್ನು ಉರುಹೊಡೆದು ಗೆದ್ದಿದ್ದ ಅಭ್ಯಾಸ ಅಲ್ಲಿ ನಡೆಯಲಿಲ್ಲ. ಎಲೆಕ್ಟ್ರಾನ್ ಜೋಡಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಬಾಣ ಎಳೆದು ತೋರಿಸಬೇಕು. ಅದು ದಿನಾ ಕೈಯಲ್ಲಿ ಬರೆದರೆ ಮಾತ್ರ ಒಲಿಯುವ ವಿದ್ಯೆ. ಕೊನೆಗೆ ಸಿಕ್ಕಿದ್ದು ಸಿ ಗ್ರೇಡ್.

ಒಂದು ಸಿ ಎಷ್ಟು ಎಳೆಯುತ್ತದೆಂದು ಲೆಕ್ಕ ಹಾಕಿ ನೋಡಿ. ಇಲ್ಲಿ ಎ ಎಂದರೆ 4 ಅಂಕ, ಸಿ ಎಂದರೆ 2. 24 ಕ್ರೆಡಿಟ್‌ಗಳಲ್ಲಿ 3.8 ಸರಾಸರಿ ಇರುವವರಿಗೆ ನಾಲ್ಕು ಕ್ರೆಡಿಟ್‌ನ ಒಂದು ಸಿ ಸೇರಿದರೆ ಸರಾಸರಿ 3.54ಕ್ಕೆ ಬೀಳುತ್ತದೆ. ಕೋರ್ಸನ್ನು ಮತ್ತೆ ಓದಿದರೆ ಹಳೆಯದು ಅಳಿಸಿಹೋಗುತ್ತದೆ ಎಂದುಕೊಂಡಿದ್ದೆ. ಆದರೆ ಮೆಡಿಕಲ್ ಸ್ಕೂಲ್‌ಗಳಿಗೆ ಅರ್ಜಿ ಹೋಗುವ ಎಎಂಸಿಎಎಸ್ ವ್ಯವಸ್ಥೆ ಎರಡೂ ಅಂಕಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಜೀವಶಾಸ್ತ್ರ, ರಸಾಯನ, ಭೌತ, ಗಣಿತಗಳ ಸರಾಸರಿಯನ್ನು ಬೇರೆಯಾಗಿಯೂ ತೋರಿಸುತ್ತದೆ.

ಚಳಿಗಾಲದ ರಜೆಯಲ್ಲಿ ಹಳೆಯ ಕ್ಯಾಲೆಂಡರ್‌ನ ಹಿಂಬದಿಯಲ್ಲಿ ಗೆರೆ ಎಳೆದು ಮತ್ತೆ ಯೋಜನೆ ಮಾಡಿದೆ, ಈ ಸಲ ಕೊನೆಯಿಂದ ಮೊದಲಿಗೆ. ಅರ್ಜಿ ಕೊಡುವುದು ಜೂನ್‌ನಲ್ಲಿ. ಅದಕ್ಕೂ ಮೊದಲು ಮೆಡಿಕಲ್ ಸ್ಕೂಲ್‌ಗಳ ಪ್ರವೇಶ ಪರೀಕ್ಷೆಯಾದ ಎಂಕ್ಯಾಟ್ ಮುಗಿದಿರಬೇಕು. 2015ರಿಂದ ಆ ಪರೀಕ್ಷೆಯಲ್ಲಿ ಜೀವರಸಾಯನಕ್ಕೆ ತೂಕ ಹೆಚ್ಚು, ಮನಶ್ಶಾಸ್ತ್ರ ಮತ್ತು ಸಮಾಜಶಾಸ್ತ್ರಕ್ಕೂ ಒಂದು ವಿಭಾಗವಿದೆ. ಹಾಗಾಗಿ ಇವು ಪರೀಕ್ಷೆಗೆ ಮುಂಚೆಯೇ ಮುಗಿಯಬೇಕು, ಮರೆತುಹೋಗುವಷ್ಟು ಮುಂಚೆ ಅಲ್ಲ.

ಸಾವಯವದ ಎರಡನೇ ಭಾಗದ ಜೊತೆಗೆ ಸಂಖ್ಯಾಶಾಸ್ತ್ರ, ಮನಶ್ಶಾಸ್ತ್ರ ಮತ್ತು ಒಂದು ಸಾಹಿತ್ಯದ ಕೋರ್ಸ್ ಮಾತ್ರ ಇಟ್ಟೆ. ಲ್ಯಾಬ್ ಒಂದೇ. ಮೂರನೇ ವರ್ಷಕ್ಕೆ ಜೀವರಸಾಯನ, ಶರೀರಕ್ರಿಯಾಶಾಸ್ತ್ರ, ಸಮಾಜಶಾಸ್ತ್ರ, ಉಳಿದ ಭೌತಶಾಸ್ತ್ರ. ಯಾವ ಸೆಮಿಸ್ಟರ್‌ನಲ್ಲೂ ಎರಡಕ್ಕಿಂತ ಹೆಚ್ಚು ಲ್ಯಾಬ್ ಬರದಂತೆ ಹಂಚಿದೆ. ಆ ಬೇಸಿಗೆ ಪೂರ್ತಿ ಎಂಕ್ಯಾಟ್‌ಗೆ ಓದಿ ಆಗಸ್ಟ್‌ನಲ್ಲಿ ಬರೆದೆ. ಅರ್ಜಿ ಹಾಕಿದ್ದು ಪದವಿ ಮುಗಿದ ಮೇಲೆ. ಅಂದರೆ ಒಂದು ವರ್ಷ ತಡ. ಅಪ್ಪನಿಗೆ ಅದನ್ನು ಒಪ್ಪಿಸುವುದು ಪರೀಕ್ಷೆಗಿಂತ ಕಷ್ಟವಾಯಿತು. ಆದರೆ ಆ ಸಿಯ ನಂತರದ ಸೆಮಿಸ್ಟರ್‌ಗಳ ಏರಿಕೆ ಅಂಕಪಟ್ಟಿಯಲ್ಲಿ ಕಾಣಬೇಕಿದ್ದರೆ ಆ ವರ್ಷ ಬೇಕೇ ಇತ್ತು.

ನನ್ನ ಕಿರಿಯರು ಸಾಮಾನ್ಯವಾಗಿ ಗಮನಿಸದ ಇನ್ನೊಂದು ವಿಷಯವಿದೆ. ಅನೇಕ ಮೆಡಿಕಲ್ ಸ್ಕೂಲ್‌ಗಳು ವಿಜ್ಞಾನದ ಇಬ್ಬರು ಅಧ್ಯಾಪಕರ ಶಿಫಾರಸು ಪತ್ರ ಕೇಳುತ್ತವೆ. ಮುನ್ನೂರು ಜನರ ತರಗತಿಯಲ್ಲಿ ಕುಳಿತವರ ಹೆಸರು ಯಾರಿಗೆ ಗೊತ್ತಿರುತ್ತದೆ? ಶರೀರಕ್ರಿಯಾಶಾಸ್ತ್ರಕ್ಕೆ ನಾನು ಉದ್ದೇಶಪೂರ್ವಕವಾಗಿಯೇ ಸಣ್ಣ ತರಗತಿಯನ್ನು ಆರಿಸಿಕೊಂಡೆ. ಒಂದು ಪತ್ರ ಅಲ್ಲಿಂದ ಬಂತು. ಇನ್ನೊಂದನ್ನು ಬರೆದುಕೊಟ್ಟವರು ಸಾವಯವದಲ್ಲಿ ನನಗೆ ಸಿ ಕೊಟ್ಟ ಅಧ್ಯಾಪಕರೇ. ಮುಂದಿನ ಸೆಮಿಸ್ಟರ್ ಪೂರ್ತಿ ಪ್ರತಿ ಮಂಗಳವಾರ ನಾನು ಬಾಣಗಳ ಹಾಳೆ ಹಿಡಿದು ಅವರ ಕೊಠಡಿಗೆ ಹೋಗುತ್ತಿದ್ದೆ.